ಪೀಪಾಯಿಗಳಿಗೆ ಹೇಳಿದ ಸಾವು

ನನ್ನ ನಾದಿನಿ ಲಿಯೊಂಟೀನ ಒಂದೇ ಒಂದು ಕೊತ್ತಂಬರಿ ಕಾಳನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಅದು ಬಿಸಿಲಲ್ಲಿ ಒಣಗಿದ್ದೋ ಒಲೆಯ ಮೇಲೆ ಒಣಗಿದ್ದೋ ಹೇಳಿಬಿಡುತ್ತಿದ್ದಳು. ಮದುವೆಯಾಗಿ ಝೆಲ್‌ಬೇಕ್‌ಗೆ ಬಂದ ಹೊಸದರಲ್ಲಿ ನನಗೆ ಇದು ಬರೀ ಜಂಬ ಅನ್ನಿಸಿತ್ತು. ನೋಡಿಯೇ ಬಿಡೋಣವೆಂದು ತವರಿನಿಂದ ತಂದಿದ್ದ ಒಂದು ಹಿಡಿ ಕಾಳನ್ನು ಅವಳ ಮೂಟೆಯಲ್ಲಿ ಕದ್ದು ಬೆರೆಸಿದೆ. ಅವಳು ಮೂಟೆಗೆ ಕೈ ಹಾಕಿದಳು, ಮೂಸಿದಳು, ಮೂಲೆಯಲ್ಲಿ ಏನೂ ಅರಿಯದವಳಂತೆ ನಿಂತಿದ್ದ ನನ್ನ ಕಡೆ ತಿರುಗಿದಳು.

"ಝುಲ್ಮಾ, ನಿಮ್ಮ ಸಕ್ಕರೆ ಕಾರ್ಖಾನೆ ಊರಿನೋರು ತಮಾಷೆ ಮಾಡಿದ್ರೂ ಸಪ್ಪೆಯಾಗೇ ಇರುತ್ತಲ್ಲೇ!"

ಆಮೇಲೆ ಇಡೀ ಮಧ್ಯಾಹ್ನ ಕೂತು ನನ್ನ ಕಾಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಅಂಥ ಹಟಮಾರಿ. ನಾನೂ ಏನು ಕಡಿಮೆಯವಳಲ್ಲ. ಒಂದೇ ಮನೆಯಲ್ಲಿ ಇಬ್ಬರು ಹಟಮಾರಿಗಳು ಹೇಗೆ ಬಾಳಬಹುದೋ ಹಾಗೆ ಬಾಳಿದೆವು, ಅಂದರೆ ಬಾಗಿಲು ಧಡಾರನೆ ಹಾಕಿಕೊಂಡು.

ಮನೆಯೆಂದರೆ ಸ್ಟ್ರೋಬಾಂಟ್ಸ್ ಮನೆತನದವರು ಬೀರು ತಯಾರಿಸುವ ಮನೆ. ಮೇಲೆ ನಾವು, ಕೆಳಗೆ ನೆಲಮಾಳಿಗೆಯಲ್ಲಿ ಓಕ್ ಮರದ ಪೀಪಾಯಿಗಳು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಗೊಮ್ಮಾರ ಯಜಮಾನನಾದ. ಆದರೆ ಬೀರಿನ ವಿಷಯದಲ್ಲಿ ಆ ಮನೆಯ ನಾಲಿಗೆ ಅವನ ಅಕ್ಕ ಲಿಯೊಂಟೀನಳೇ. ಅವಳು ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಹೆಣ್ಣು ನೋಡೋಕೆ ಬಂದೋರಿಗೆಲ್ಲ ಒಂದೊಂದು ಲೋಟ ಕೊಟ್ಟೆ ಕಣೇ. ಕಿತ್ತಳೆ ಸಿಪ್ಪೆ ಯಾವುದು, ಕೊತ್ತಂಬರಿ ಯಾವುದು ಒಬ್ಬನಿಗೂ ಗೊತ್ತಾಗ್ಲಿಲ್ಲ. ಅಂಥೋನ ಎದುರಿಗೆ ಜೀವನವೆಲ್ಲ ಊಟಕ್ಕೆ ಕೂರೋದು ಹೇಗೆ?" ಎನ್ನುತ್ತಿದ್ದಳು.

ವರ್ಷವಿಡೀ ಮಾಡುವ ಗೋಧಿ ಬೀರು ಬೇರೆ, ಎಲೆ ಉದುರುವ ಕಾಲಕ್ಕೆಂದು ಮಾಡುವುದೇ ಬೇರೆ. ಅದಕ್ಕೆ ಮಾಮೂಲಿ ಗೋಧಿ, ಕಹಿ ಕಿತ್ತಳೆಯ ಒಣ ಸಿಪ್ಪೆ, ಕುಟ್ಟಿದ ಕೊತ್ತಂಬರಿಯ ಜೊತೆಗೆ ಶುಂಠಿ ಬೀಳುತ್ತದೆ, ಸ್ವಲ್ಪ ಲವಂಗ ಬೀಳುತ್ತದೆ. ನವೆಂಬರಿನಲ್ಲಿ ಸತ್ತವರ ದಿನ ಊರಿಗೆ ಊರೇ ಸೇವಂತಿಗೆ ಕುಂಡ ಹಿಡಿದು ಸಮಾಧಿಗಳಿಗೆ ಹೋಗಿಬಂದು, ಕೇಸರಿ ಹಾಕಿದ ಬನ್ನಿನ ಜೊತೆ ಇದನ್ನು ಕುಡಿಯುತ್ತದೆ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರು ಒಂದು ಲೋಟ ಹೆಚ್ಚಿಗೆ ತುಂಬಿ ಖಾಲಿ ಕುರ್ಚಿಯ ಮುಂದೆ ಇಡುತ್ತಾರೆ. ಅದರ ಹಿಂದಿನ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ರುಚಿ ನೋಡುವ ಶಾಸ್ತ್ರ. ಮೊದಲ ಲೋಟ ಯಜಮಾನನಿಗೆ, ಎರಡನೆಯದು ಲಿಯೊಂಟೀನಳಿಗೆ. ನೊರೆ ಬೆರಳಗಲ ಎದ್ದು ನಿಲ್ಲಬೇಕು. ಒಂದೊಂದು ಗುಟುಕು ಕುಡಿದಾಗಲೂ ಲೋಟದ ಒಳಮೈಗೆ ನೊರೆಯ ಒಂದೊಂದು ಬಳೆ ಅಂಟಿಕೊಳ್ಳಬೇಕು. ಇಬ್ಬರೂ ತಲೆಯಾಡಿಸಿದರೆ ಮಾತ್ರ ಆ ಬೀರು ಊರಿಗೆ.

ಇನ್ನೊಂದು ಪದ್ಧತಿಯೂ ಆ ಮನೆಯಲ್ಲಿತ್ತು. ಮನೆಯಲ್ಲಿ ಸಾವಾದರೆ ಮೊದಲು ಪೀಪಾಯಿಗಳಿಗೆ ಹೇಳಬೇಕು. ಪಾದ್ರಿಗಿಂತ ಮೊದಲು, ನೆರೆಯವರಿಗಿಂತ ಮೊದಲು, ಅಳುವುದಕ್ಕಿಂತಲೂ ಮೊದಲು. ಮನೆಯವರೊಬ್ಬರು ಮರದ ಸುತ್ತಿಗೆಯಂಥ ಕೊಡತಿ ಹಿಡಿದು ಕೆಳಗಿಳಿದು, ಪ್ರತಿ ಪೀಪಾಯಿಯನ್ನೂ ಮೂರು ಸಲ ಬಡಿದು, ಸತ್ತವರ ಹೆಸರು ಹೇಳಬೇಕು. ಹೇಳದೆ ಹೋದರೆ ಬೀರು ಕೆಡುತ್ತದೆ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೇಳುವವರು ಬದುಕಿರುವವರೇ ಆಗಿರಬೇಕು, ಸತ್ತವರ ಮಾತು ನಡೆಯುವುದಿಲ್ಲ. ಸತ್ತವರು ಎದ್ದು ಬಂದು ಸುದ್ದಿ ಹೇಳುತ್ತಾರೆಯೇ ಎಂದು ನಾನು ನಕ್ಕಿದ್ದೆ. ಮಾವ ಸತ್ತಾಗ ಲಿಯೊಂಟೀನ ಅವರ ಕಣ್ಣು ಮುಚ್ಚಿಸುವ ಕೆಲಸವನ್ನು ನನಗೆ ಬಿಟ್ಟು ಕೆಳಗೆ ಓಡಿದಳು. ಹೆತ್ತ ತಂದೆಗಿಂತ ಮರದ ಪೀಪಾಯಿ ಹೆಚ್ಚಾಯಿತೇ ಎಂದು ನನಗೆ ಮೈಯೆಲ್ಲ ಉರಿದಿತ್ತು.

ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಅಕ್ಟೋಬರಿನ ಕೊನೆಯಲ್ಲಿ ಗೊಮ್ಮಾರ ಬೀರಿಗೆ ಕಹಿ ಕೊಡುವ ಹಾಪ್ಸ್ ಹೂವು ತರಲು ಪೋಪರಿಂಗೆಗೆ ಹೋದ. ಮಾರನೆಯ ದಿನ ಹೊರಗೆ ಮಂಜು ಕವಿದು ಎದುರು ಮನೆಯ ಬಾಗಿಲು ಕಾಣುತ್ತಿರಲಿಲ್ಲ. ಊರ ಕಾವಲಿನ ನೆಸ್ಟರ್ ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದ. ಅವನ ತೋಳಿನ ಮೇಲೆ ಒಂದು ಒದ್ದೆ ಕೋಟು. ಕಾಲರಿನ ಒಳಗೆ ನಾನೇ ಹಾಕಿದ ಹೊಲಿಗೆ ಕಾಣುತ್ತಿತ್ತು.

"ಲಾರಿ ಕಾಲುವೆಗೆ ಬಿದ್ದಿದೆಯಮ್ಮಾ," ಅಂದ. "ಈ ಕೋಟು ಹಾಕ್ಕೊಂಡಿದ್ದೋನು ಹೋಗ್ಬಿಟ್ಟಿದ್ದಾನೆ. ಜೇಬಲ್ಲಿ ಯಜಮಾನ್ರದ್ದೇ ಕಾಗದ ಪತ್ರ ಇತ್ತು ಅಂತ ಆ ಕಡೆ ಪೊಲೀಸರು ಕಳಿಸಿದ್ದಾರೆ."

ಲಿಯೊಂಟೀನ ನನ್ನ ಹಿಂದೆಯೇ ನಿಂತಿದ್ದವಳು ಕೋಟನ್ನು ಮುಟ್ಟಲೂ ಇಲ್ಲ. ಬಾಗಿಲ ಪಕ್ಕದ ಮೊಳೆಯಿಂದ ಕೊಡತಿ ಎತ್ತಿಕೊಂಡು ಸರಸರ ಮೆಟ್ಟಿಲಿಳಿದಳು. ನಾನು ಅಂಗಳದಲ್ಲಿ ಕುಸಿದು ಕೂತಿರುವಾಗ ನೆಲದಡಿಯಿಂದ ಬಡಿತ ಕೇಳುತ್ತಿತ್ತು. ಮೂರು ಬಡಿತ, ಗೊಮ್ಮಾರನ ಹೆಸರು. ಮತ್ತೆ ಮೂರು ಬಡಿತ, ಮತ್ತೆ ಗೊಮ್ಮಾರನ ಹೆಸರು. ಕಡೆಯ ಪೀಪಾಯಿ ಮುಗಿದ ಮೇಲಷ್ಟೇ ಅವಳು ಅತ್ತಳು. ಪ್ರಾಣಿ ಅತ್ತ ಹಾಗೆ ಅತ್ತಳು.

ಮರುದಿನ ಮಧ್ಯಾಹ್ನ, ಪಾದ್ರಿ ನಮ್ಮ ಮೇಜಿನ ಮುಂದೆ ಕೂತಿರುವಾಗಲೇ, ಗೊಮ್ಮಾರ ಬಾಗಿಲು ತೆಗೆದುಕೊಂಡು ಒಳಗೆ ಬಂದ. ಮೈಮೇಲೆ ಯಾರದೋ ತುಂಡು ಅಂಗಿ, ಬಾಯಲ್ಲಿ ನಿನ್ನೆಯ ಸಾರಾಯಿ ವಾಸನೆ. ಹಾಪ್ಸ್ ಬೆಳೆಗಾರನ ಮನೆಯಲ್ಲಿ ಕುಡಿದು ಮಲಗಿಬಿಟ್ಟನಂತೆ. ಸಿರೀಲ ಎಂಬ ಲಾರಿಯವನು ಸರಕು ತೆಗೆದುಕೊಂಡು ಮುಂದೆ ಹೊರಟಾಗ ಜೋರು ಮಳೆ, ಅವನ ಮೈಮೇಲೆ ಕೋಟಿಲ್ಲ. ಇವನೇ ತನ್ನ ಕೋಟು ತೆಗೆದು ಹೊದಿಸಿದನಂತೆ.

"ಏನ್ರೋ ಎಲ್ಲ ಸೂತಕದ ಮುಖ ಮಾಡ್ಕೊಂಡು ಕೂತಿದ್ದೀರಾ? ಯಾರು ಸತ್ತಿದ್ದು?" ಅಂದ.

ನಾನು ಅವನ ಕೆನ್ನೆಗೆ ಹೊಡೆದೆ, ಆಮೇಲೆ ತಬ್ಬಿಕೊಂಡೆ. ಪಾದ್ರಿ ಪೇಟೆಯ ಹೆಂಗಸರ ಹಾಗೆ ಕಿಸಕ್ಕನೆ ನಕ್ಕರು. ಸಂಜೆಯ ಹೊತ್ತಿಗೆ ಇಡೀ ಊರು ನಮ್ಮ ಅಡುಗೆಮನೆಯಲ್ಲಿತ್ತು. ಲಿಯೊಂಟೀನ ಮಾತ್ರ ಒಲೆಯ ಪಕ್ಕ ಗೋಡೆಗೊರಗಿ ನಿಂತು ತಮ್ಮನನ್ನೇ ನೋಡುತ್ತಿದ್ದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ಸಂತೋಷ ಆಗ್ಲಿಲ್ವೇನೇ ನಿನಗೆ?" ಎಂದು ಕೇಳಿದೆ.

"ಹೇಳ್ಬಿಟ್ಟಿದ್ದೀನಲ್ಲ, ಝುಲ್ಮಾ," ಎಂದಳು. "ಎಲ್ಲಾ ಪೀಪಾಯಿಗೂ ಹೇಳ್ಬಿಟ್ಟಿದ್ದೀನಿ."

ಬೇರೆ ಯಾವ ಊರಲ್ಲಾದರೂ ಇದು ಮೊಮ್ಮಕ್ಕಳಿಗೆ ಹೇಳಿ ನಗಿಸುವ ಕಥೆಯಾಗುತ್ತಿತ್ತು. ನಾನೂ ಹಾಗೆಯೇ ಅಂದುಕೊಂಡಿದ್ದೆ, ರುಚಿ ನೋಡುವ ದಿನದವರೆಗೆ.

ಆ ದಿನ ಲಿಯೊಂಟೀನ ಪೀಪಾಯಿಯಿಂದ ಜಗ್ಗಿನಲ್ಲಿ ಬೀರು ತಂದು ಮೊದಲ ಲೋಟ ಬಗ್ಗಿಸಿದಳು. ನೊರೆ ಬೆಳ್ಳಗೆ ಎದ್ದಿತು. ಗೊಮ್ಮಾರ ಲೋಟಕ್ಕೆ ಕೈ ಹಾಕಿದ್ದೇ ತಡ, ಸುಯ್ ಎಂದು ಸದ್ದು ಮಾಡುತ್ತಾ ಇಳಿದುಹೋಯಿತು. ಒಂದು ಗುಳ್ಳೆಯೂ ಉಳಿಯಲಿಲ್ಲ. ಅವನು ಕುಡಿದು ಮುಖ ಸಿಂಡರಿಸಿದ.

"ಏನಕ್ಕ ಇದು, ಬಾವಿ ನೀರು ತಂದಿದ್ದೀಯಾ?"

ನಾನು ಆ ಲೋಟ ಕಿತ್ತುಕೊಂಡು ನೋಡಿದೆ. ನನ್ನ ಕೈಗೆ ಬಂದೊಡನೆ ಅದೇ ಲೋಟದಲ್ಲಿ, ಅದೇ ಬೀರಿನ ಮೇಲೆ, ತಳದಿಂದ ನೊರೆ ಮತ್ತೆ ಎದ್ದು ಬಂತು. ಕುಡಿದರೆ ಕಿತ್ತಳೆಯ ಘಮ ಮೂಗಿಗೆ ಅಡರಿತು. ಅವನ ಕೈಗೆ ಕೊಟ್ಟೆ, ಇಳಿಯಿತು. ಲೋಟ ಬದಲಾಯಿಸಿದೆವು, ಪೀಪಾಯಿ ಬದಲಾಯಿಸಿದೆವು, ಜಿಡ್ಡಿದೆಯೇನೋ ಎಂದು ಅವನ ಕೈಯನ್ನು ಬೂದಿ ಹಾಕಿ ತೊಳೆದೆ. ಏನೂ ಪ್ರಯೋಜನವಾಗಲಿಲ್ಲ. ಗೊಮ್ಮಾರ ಜೋರಾಗಿ ನಕ್ಕ. ಅವನು ಹೆದರಿದಾಗ ಹಾಗೆ ನಗುತ್ತಿದ್ದ.

ಆಮೇಲೆ ಒಂದೊಂದೇ ಶುರುವಾಯಿತು. ನಮ್ಮ ನಾಯಿ ಬ್ಲೆಸ್ ಅವನು ಬಂದರೆ ತಲೆ ಎತ್ತುವುದನ್ನು ಬಿಟ್ಟಿತು. ಕರೆದರೆ ದನಿ ಎಲ್ಲಿಂದ ಬಂತೆಂದು ಬೇರೆ ಕಡೆ ನೋಡುತ್ತಿತ್ತು. ದಾರಿಯಲ್ಲಿ ಹಳೆಯ ಗೆಳೆಯರು ಮಾತಾಡಿಸದೆ ಹೋದರು. ನಾನು ಜಗಳ ತೆಗೆದರೆ, "ಅಯ್ಯೋ, ಇದ್ನಾ ಅವನು? ನೋಡ್ಲೇ ಇಲ್ಲ ನಾನು" ಎಂದು ಆಣೆ ಮಾಡುತ್ತಿದ್ದರು. ಊಟ ಸೇರದಾಯಿತು. ಹಾಸಿಗೆಯಲ್ಲಿ ಅವನ ಕಾಲು ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ. ಡಾಕ್ಟರು ಬಂದು ಎದೆ, ಬೆನ್ನು, ನಾಲಿಗೆ ನೋಡಿ, ಏನೂ ಇಲ್ಲ ಎಂದು ಹೇಳಿ, ಹೋಗುವಾಗ ನನಗೆ ಮಾತ್ರ ನಮಸ್ಕಾರ ಹೇಳಿ ಹೊರಟರು. ಕ್ರಿಸ್ಮಸ್ ಹತ್ತಿರ ಬಂದಾಗ ಗೊಮ್ಮಾರ ಹಗಲೆಲ್ಲ ನೆಲಮಾಳಿಗೆಯಲ್ಲಿ ಕೂರತೊಡಗಿದ.

"ಮೇಲೆ ಬಾರೋ," ಎಂದು ಗೋಗರೆಯುತ್ತಿದ್ದೆ.

"ಇಲ್ಲೇ ಸರಿಯಾಗಿದೆ ಕಣೇ. ಮೇಲೆ ಬಂದ್ರೆ ಯಾರದೋ ಮನೆಗೆ ಬಂದ ಹಾಗಾಗುತ್ತೆ."

ಅವನ ಕಣ್ಣು ನನ್ನನ್ನು ದಾಟಿ ಹಿಂದಿನ ಗೋಡೆಯನ್ನು ನೋಡುತ್ತಿತ್ತು. ನಾನು ಕೊಡಲಿ ಹಿಡಿದು, ಈ ಹಾಳು ಪೀಪಾಯಿಗಳನ್ನೆಲ್ಲ ಸೀಳಿ ಒಲೆಗೆ ಹಾಕುತ್ತೇನೆ ಎಂದು ಕಿರುಚಿದೆ. ಲಿಯೊಂಟೀನ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

"ಅವನ ಹೆಸರು ಅದರೊಳಗಿದೆ. ಅದನ್ನೂ ಸುಡ್ತೀಯಾ?"

ಅಷ್ಟರಲ್ಲಿ ಅವಳು ತನಗೆ ತಿಳಿದ ದಾರಿಯನ್ನೆಲ್ಲ ಹಿಡಿದು ನೋಡಿದ್ದಳು. ಸತ್ತಿದ್ದು ಸಿರೀಲ, ಗೊಮ್ಮಾರನಲ್ಲ ಎಂದು ಪ್ರತಿ ಪೀಪಾಯಿಗೂ ಹೇಳಿದಳು, ತಪ್ಪಾಯಿತೆಂದು ಮಂಡಿಯೂರಿದಳು. ಸಿರೀಲನ ಊರಿಗೇ ಹೋಗಿ ಅವನ ಸಮಾಧಿಗೆ ಸೇವಂತಿಗೆ ಇಟ್ಟು ಬಂದಳು. ಗೊಮ್ಮಾರನ ಲೋಟದಲ್ಲಿ ನೊರೆ ನಿಲ್ಲಲಿಲ್ಲ.

ಹೊಸ ವರ್ಷಕ್ಕೆ ಮುಂಚಿನ ಒಂದು ಮಧ್ಯಾಹ್ನ ಅವಳು ಕಿಟಕಿಯ ಬಳಿ ಕೂತು ಕೊತ್ತಂಬರಿ ಆರಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಝುಲ್ಮಾ, ಸತ್ತೋರ ಮಾತು ನಡೆಯಲ್ಲ, ಅಲ್ವಾ?"

"ಅದೇ ನಿಮ್ಮ ಮನೆ ಪುರಾಣ. ಈಗ್ಯಾಕೆ?"

"ಗೊಮ್ಮಾರ ಸತ್ತ ಅಂತ ಪೀಪಾಯಿಗೆ ಹೇಳಿದ್ದು ನಾನು. ಹೇಳೋಕೆ ಮುಂಚೆನೇ ನಾನು ಸತ್ತಿದ್ರೆ, ಆ ಮಾತು ನಡೆಯಲ್ಲ, ಬಿದ್ದುಹೋಗುತ್ತೆ."

"ಸತ್ತಿಲ್ವಲ್ಲ ನೀನು. ನನ್ನ ಜೀವ ತಿಂತಾ ಎದುರಿಗೇ ಕೂತಿದ್ದೀಯ."

"ಪೀಪಾಯಿಗೆ ಅದು ಗೊತ್ತಾ? ನೀನು ಈ ಮನೆಯೋಳು, ಬದುಕಿದ್ದೀಯ. ನೀನು ಹೋಗಿ ಹೇಳು. ಲಿಯೊಂಟೀನ ಸತ್ತಳು, ತಮ್ಮ ಹಾಪ್ಸ್ ತರೋಕೆ ಹೋದ ದಿನಾನೇ ಸತ್ತಳು ಅಂತ."

"ತಲೆ ಕೆಟ್ಟಿದೆಯೇನೇ? ಆಮೇಲೆ ನಿನ್ನ ಗತಿ? ಅವನನ್ನ ನೋಡ್ತಾ ಇದ್ದೀಯಲ್ಲ!"

"ನನಗೇನು ಗಂಡನಾ ಮಕ್ಕಳಾ? ಯಾರೂ ಮಾತಾಡಿಸದೆ ಇದ್ರೆ ಕಿವಿಗೆ ಆರಾಮ. ಮುಖ್ಯವಾಗಿ ನಿನ್ನ ಬಾಯಿ ತಪ್ಪುತ್ತೆ."

"ನಿನ್ನ ನಾಲಿಗೆ?"

ಅವಳು ಕೈಯಲ್ಲಿದ್ದ ಕಾಳನ್ನು ಕಚ್ಚಿ ನಿಧಾನವಾಗಿ ಅಗಿದಳು. "ಹೋಗಿ ಒಂದು ಲೋಟ ತಗೊಂಡು ಬಾ," ಎಂದಳು.

ತಂದುಕೊಟ್ಟೆ. ಅವಳು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೋಡದ ದಿನದ ಬಿಸಿಲಿನಂಥ ಮಸುಕು ಹಳದಿ, ಮೇಲೆ ಬೆರಳಗಲ ನೊರೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಕೇಳಿಸ್ಕೋ. ಮೊದಲು ಮೂಗಿಗೆ ಕಿತ್ತಳೆ. ಹಣ್ಣಲ್ಲ, ಸಿಪ್ಪೆ ಸುಲಿಯುವಾಗ ಕಣ್ಣಿಗೆ ಹಾರುತ್ತಲ್ಲ, ಅದು. ಆಮೇಲೆ ನಾಲಿಗೆ ತುದಿಗೆ ಗೋಧಿ, ಕೈಗಂಟಿದ ಹಸಿ ಹಿಟ್ಟು ನೆಕ್ಕಿದ ಹಾಗೆ. ನಡುವೆ ಎಲ್ಲೋ ಕೊತ್ತಂಬರಿ ಬಂದು ಕೂತಿರುತ್ತೆ. ಬಾಗಿಲು ತೆಗೆದ ಸದ್ದು ಕೇಳಬಾರದು, ಆದ್ರೆ ಒಳಗೆ ಇದೆ ಅಂತ ಗೊತ್ತಾಗಬೇಕು. ನುಂಗಿದ ಮೇಲೆ ಶುಂಠಿ ಗಂಟಲು ಬೆಚ್ಚಗೆ ಮಾಡಿ ಹೋಗುತ್ತೆ. ಲವಂಗ ಇದೆ ಅಂತ ಗೊತ್ತಾಯ್ತೋ, ಜಾಸ್ತಿ ಆಗಿದೆ ಅಂತ ಅರ್ಥ."

ಒಂದೊಂದು ಗುಟುಕಿಗೂ ಒಂದೊಂದು ನೊರೆಯ ಬಳೆ ಬಿಡುತ್ತಾ ಕಡೆಯ ಹನಿಯವರೆಗೂ ಕುಡಿದಳು. ಮೇಲ್ದುಟಿಗಂಟಿದ ನೊರೆಯನ್ನು ಒರೆಸಿಕೊಳ್ಳದೆ ನೆಕ್ಕಿದಳು. ಆಮೇಲೆ ಕೊಡತಿಯನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ಹೋಗು. ನಾಳೆ ಅಂದ್ರೆ ನನಗೆ ಧೈರ್ಯ ಇರಲ್ಲ."

ನಾನು ಹೋದೆ. ಗಂಡ ಬೇಕಾಗಿತ್ತು ನನಗೆ. ಇದರಲ್ಲಿ ಮುಚ್ಚಿಡುವುದೇನಿದೆ. ಗೊಮ್ಮಾರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ, ನಾನು ಬಂದದ್ದು ಅವನಿಗೆ ತಿಳಿಯಲೇ ಇಲ್ಲ. ಮೊದಲ ಪೀಪಾಯಿಗೆ ಬಡಿದು ಅವಳು ಹೇಳಿಕೊಟ್ಟಂತೆ ಹೇಳಿದೆ. ತುಂಬಿದ ಪೀಪಾಯಿ ಬಡಿದರೆ ಮಂದವಾದ ಸದ್ದು ಬರಬೇಕು. ಆದರೆ ಅವಳ ಹೆಸರು ಹೇಳಿದಾಗಲೆಲ್ಲ ಒಳಗೆ ಯಾರೋ ಉಸಿರು ಒಳಕ್ಕೆಳೆದುಕೊಂಡ ಹಾಗಾಗುತ್ತಿತ್ತು. ಕಡೆಯದಕ್ಕೆ ಬಡಿದು ಮುಗಿಸಿದಾಗ ಹಿಂದಿನಿಂದ ದನಿ ಬಂತು.

"ಝುಲ್ಮಾ, ಇಲ್ಯಾಕೆ ಇಷ್ಟೊಂದು ಚಳಿ? ಹಸಿವಾಗ್ತಿದೆ ಕಣೇ."

ಅವನು ನನ್ನನ್ನು ನೋಡುತ್ತಿದ್ದ. ಗೋಡೆಯನ್ನಲ್ಲ, ನನ್ನನ್ನೇ.

ಮೇಲೆ ಬಂದವನೇ ಒಂದು ಇಡೀ ಬ್ರೆಡ್ಡನ್ನು ಮೆದು ಗಿಣ್ಣು, ಮೂಲಂಗಿ ಇಟ್ಟುಕೊಂಡು ತಿಂದ. ಬ್ಲೆಸ್ ಅವನ ಕಾಲ ಮೇಲೆ ಬಿದ್ದು ಹೊರಳಾಡಿತು. ಬೀರು ಬಗ್ಗಿಸಿದೆ. ನೊರೆ ಎದ್ದು ನಿಂತಿತು. ಅವನು ಕುಡಿದು, "ಅಕ್ಕಾ, ಈ ಸಲ ಗೆದ್ದೆ ನೀನು!" ಎಂದು ಕೂಗಿದ. ಅವಳು ನಗುತ್ತಾ ತನ್ನ ಲೋಟ ಎತ್ತಿಕೊಂಡಳು. ಸುಯ್ ಎಂಬ ಸದ್ದು ನನಗೆ ಮಾತ್ರ ಕೇಳಿಸಿತು. ಅವನಿಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅಂದಿನಿಂದ ಲೋಹದ ಲೋಟದಲ್ಲೇ ಕುಡಿಯತೊಡಗಿದಳು. ನೊರೆ ಕಾಣಬಾರದಲ್ಲ.

ಆಮೇಲೂ ಅವಳು ಬಹಳ ವರ್ಷ ಬದುಕಿದ್ದಳು. ಅದನ್ನು ಬದುಕು ಎನ್ನಬಹುದಾದರೆ. ಅಂಗಡಿಯಲ್ಲಿ ಅವಳ ಹಿಂದೆ ನಿಂತವರಿಗೆ ಮೊದಲು ಸಾಮಾನು ಸಿಗುತ್ತಿತ್ತು. ಚರ್ಚಿನಲ್ಲಿ ಕಾಣಿಕೆಯ ಚೀಲ ಅವಳನ್ನು ದಾಟಿ ಪಕ್ಕದವರ ಮುಂದೆ ನಿಲ್ಲುತ್ತಿತ್ತು. ಜೇನ್ನೊಣಗಳು ಅವಳ ಕೈಮೇಲೆ, ಬೇಲಿಯ ಮೇಲೆ ನಡೆದ ಹಾಗೆ ನಡೆದು ಹೋಗುತ್ತಿದ್ದವು. ನಾನೇ, ಎಲ್ಲ ಗೊತ್ತಿದ್ದ ನಾನೇ, ಒಂದು ದಿನ ಮೇಜಿನ ಮೇಲೆ ಎರಡೇ ತಟ್ಟೆ ಇಟ್ಟೆ. ತಲೆ ಎತ್ತಿ ನೋಡಿದರೆ ಅವಳು ಎದುರಿಗೇ ಕೂತಿದ್ದಾಳೆ.

"ಪರವಾಗಿಲ್ಲ, ನಾನೇ ತಗೋತೀನಿ," ಎಂದಳು. ಅವತ್ತು ಕೋಳಿಗೂಡಿನ ಹಿಂದೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ.

ಮಸಾಲೆ ಹದ ಮಾಡುವುದನ್ನು ಮಾತ್ರ ಅವಳು ಬಿಡಲಿಲ್ಲ. ನಾಲಿಗೆ ಸತ್ತಿದ್ದರೂ ಕೈಗೆ ನೆನಪಿತ್ತು. ರುಚಿ ನೋಡುವ ದಿನ ಗೊಮ್ಮಾರ ತನ್ನ ಲೋಟ ಕುಡಿದು ಹೋದ ಮೇಲೆ ಅವಳು ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು.

"ಕುಡಿ. ಹೇಗಿದೆ ಹೇಳು."

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನೇ? ಬೂಟು ಚೆನ್ನಾಗಿರುತ್ತೆ, ಬಿಸಿಲು ಚೆನ್ನಾಗಿರುತ್ತೆ. ಮೂಗಿಗೆ ಏನು ಬಂತು?"

"ಕಿತ್ತಳೆ."

"ಎಂಥಾ ಕಿತ್ತಳೆ?"

ಹೀಗೆ ಪೀಡಿಸಿ ಪೀಡಿಸಿ ಸಕ್ಕರೆ ಊರಿನ ಸಪ್ಪೆ ನಾಲಿಗೆಗೆ ಮಾತು ಕಲಿಸಿದಳು. ನಾನು ಹೇಳುತ್ತಾ ಹೋದಂತೆ ಅವಳು ಕಣ್ಣು ಮುಚ್ಚಿ ಗಂಟಲು ಅಲುಗಿಸುತ್ತಿದ್ದಳು, ನುಂಗುವವಳ ಹಾಗೆ. ಮುಗಿಯುವಾಗ ಕೆನ್ನೆಗೆ ಸ್ವಲ್ಪ ಬಣ್ಣ ಬರುತ್ತಿತ್ತು, ಕೈ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಆ ಬಣ್ಣ ಮುಂದಿನ ಬೇಸಿಗೆಯವರೆಗೂ ಮೆಲ್ಲನೆ ಮಾಸುತ್ತಾ ಇರುತ್ತಿತ್ತು. ಗೊಮ್ಮಾರ ಎರಡೇ ತಿಂಗಳಲ್ಲಿ ಕರಗುತ್ತಾ ಬಂದಿದ್ದ, ಅವಳು ಅಷ್ಟು ವರ್ಷ ಉಳಿದಳು. ಅವಳನ್ನು ಉಳಿಸಿದ್ದು ನಾನು ಹೇಳಿದ ಆ ರುಚಿ ಎಂದೇ ನನ್ನ ನಂಬಿಕೆ. ಯಾರು ಬೇಕಾದರೂ ನಗಲಿ.

ಹೋದ ವರ್ಷ ಅಕ್ಟೋಬರಿನಲ್ಲಿ, ಆ ಸಲದ ಬೀರು ಇನ್ನೂ ಪೀಪಾಯಿಯಲ್ಲಿರುವಾಗ, ಒಂದು ಬೆಳಿಗ್ಗೆ ಅವಳು ಕಿಟಕಿಯ ಬಳಿಯ ಕುರ್ಚಿಯಲ್ಲೇ ಹೋಗಿದ್ದಳು. ಹಲ್ಲುಗಳ ನಡುವೆ ಅರ್ಧ ಕಚ್ಚಿದ ಕೊತ್ತಂಬರಿ ಕಾಳು. ನಾನು ಅದನ್ನು ತೆಗೆದು ಕಣ್ಣು ಮುಚ್ಚಿಸಿ ತಿರುಗಿದರೆ, ಗೊಮ್ಮಾರ ಮೊಳೆಯಿಂದ ಕೊಡತಿ ತೆಗೆದುಕೊಳ್ಳುತ್ತಿದ್ದ.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಪೀಪಾಯಿಗೆ ಹೇಳ್ಬೇಡ್ವಾ?"

ಬಾಗಿಲಿಗೆ ಅಡ್ಡ ನಿಂತೆ. ನಿನಗೆ ಮಂಡಿ ನೋವು, ನಾಳೆ ಹೋಗು, ನಾನು ಹೋಗುತ್ತೇನೆ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ಪಕ್ಕಕ್ಕೆ ಸರಿಸಲು ನೋಡಿದ. ಕಡೆಗೆ ಅವನ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಅವಳಿಗೆ ಕೊಟ್ಟಿದ್ದ ಮಾತು, ಕೊತ್ತಂಬರಿ ಆರಿಸುತ್ತಾ ಅವಳು ಹೂಡಿದ ಉಪಾಯ, ನಾನು ಬಡಿದು ಹೇಳಿದ ಸುಳ್ಳು, ಲೋಹದ ಲೋಟ. "ಅವಳು ಇವತ್ತು ಸತ್ತಳು ಅಂತ ನೀನು ಹೇಳಿದ್ರೆ, ನಿಜವಾದ ಸಾವಿನ ಮುಂದೆ ನನ್ನ ಸುಳ್ಳು ನಿಲ್ಲಲ್ಲ, ಅವತ್ತು ಅವಳು ಬದುಕಿದ್ದಳು ಅಂತಾಗುತ್ತೆ. 'ಗೊಮ್ಮಾರ ಸತ್ತ' ಅಂತ ಅವಳು ಹೇಳಿದ್ದು ಮತ್ತೆ ನಿಲ್ಲುತ್ತೆ. ಬೇಡ ಕಣೋ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಎಷ್ಟೋ ಹೊತ್ತು ಕೊಡತಿಯ ಹಿಡಿಯನ್ನು ಉಜ್ಜುತ್ತಿದ್ದ.

"ಹಾಗಾದ್ರೆ ಇಷ್ಟು ವರ್ಷ ಅವಳ ಪಾಲಿಂದು ನಾನು ಕುಡಿದೆ."

"ಅವಳಾಗೇ ಕೊಟ್ಟಿದ್ದು."

"ಹೇಳದೆ ಇದ್ರೆ ಅವಳಿಗೆ ಖಾಲಿ ಕುರ್ಚಿ ಮುಂದೆ ಲೋಟ ಇಡೋ ಹಾಗಿಲ್ಲ, ಅಲ್ವಾ? ಸುಳ್ಳು ಸಾವಿಗೆ ಯಾರೂ ಲೋಟ ಇಡ್ಲಿಲ್ಲ, ನಿಜವಾದ ಸಾವಿಗೂ ಇಲ್ಲ. ಬೀರಿಗಂತಲೇ ಹುಟ್ಟಿದೋಳಿಗೆ ಒಂದು ಲೋಟ ಬೀರಿಲ್ಲ."

"ನನಗೆ ನೀನು ಬೇಕು," ಎಂದೆ. ಇಷ್ಟು ವಯಸ್ಸಾದ ಮೇಲೆ ಹಾಗೆ ಹೇಳಲು ನಾಚಿಕೆಯೇನೂ ಆಗಲಿಲ್ಲ.

"ಗೊತ್ತು ಕಣೇ," ಎಂದ. ನನ್ನ ತಲೆ ಸವರಿದ. ಆಮೇಲೆ ಎದ್ದು ಗೋಡೆ ಹಿಡಿದುಕೊಂಡು ಕೆಳಗಿಳಿದ.

ನಾನು ಮೇಲಿನ ಮೆಟ್ಟಿಲಲ್ಲೇ ಕೂತು ಕೇಳಿಸಿಕೊಂಡೆ. ಮೂರು ಬಡಿತ. "ನನ್ನ ಅಕ್ಕ ಲಿಯೊಂಟೀನ ಇವತ್ತು ಬೆಳಿಗ್ಗೆ ಸತ್ತಳು. ಇವತ್ತಿನವರೆಗೂ ಬದುಕಿದ್ದಳು." ಮತ್ತೆ ಮೂರು ಬಡಿತ. ಒಂದು ಪೀಪಾಯಿಯನ್ನೂ ಬಿಡಲಿಲ್ಲ ಅವನು.

ಸತ್ತವರ ದಿನಕ್ಕೆ ಕಾಯದೆ, ರುಚಿ ನೋಡುವ ದಿನವೇ ಮೇಜಿನ ಮೇಲೆ ಮೂರು ಗಾಜಿನ ಲೋಟ ತುಂಬಿಟ್ಟೆ, ಮೂರನೆಯದು ಅವಳ ಖಾಲಿ ಕುರ್ಚಿಯ ಮುಂದೆ. ಅವಳು ಸಾಯುವ ಮೊದಲು ಹದ ಮಾಡಿದ್ದ ಬೀರು. ಗೊಮ್ಮಾರ ತನ್ನ ಲೋಟ ಎತ್ತಿಕೊಂಡ. ಸುಯ್ ಎಂದಿತು. ಬಾಗಿಲ ಬಳಿ ಮಲಗಿದ್ದ ನಾಯಿ, ಬ್ಲೆಸ್‌ನ ಮೊಮ್ಮಗನ ಮಗ, ಅವನನ್ನು ಬಿಟ್ಟು ಖಾಲಿ ಕುರ್ಚಿಯ ಕಡೆ ನೋಡಿ ಬಾಲ ಅಲ್ಲಾಡಿಸಿತು.

ಅವನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಹೇಗಿದೆ?"

ನಾನೂ ಕುಡಿದೆ. "ಮೊದಲು ಮೂಗಿಗೆ ಕಿತ್ತಳೆ," ಎಂದೆ. "ಹಣ್ಣಲ್ಲ. ಸಿಪ್ಪೆ ಸುಲಿಯುವಾಗ ಕಣ್ಣಿಗೆ ಹಾರುತ್ತಲ್ಲ, ಅದು. ಆಮೇಲೆ ಗೋಧಿ. ಕೈಗಂಟಿದ ಹಸಿ ಹಿಟ್ಟು ನೆಕ್ಕಿದ ಹಾಗೆ." ಅವನು ಕಣ್ಣು ಮುಚ್ಚಿದ. ಕೊತ್ತಂಬರಿ ಹೇಗೆ ಸದ್ದಿಲ್ಲದೆ ಬಂದು ಕೂತಿದೆ ಎಂದು ಹೇಳಿದೆ. ಅವನ ಗಂಟಲು ಅಲುಗಿತು. ಶುಂಠಿ ಹೇಳಿದೆ.

"ಲವಂಗ?"

"ಗೊತ್ತಾಗ್ತಿಲ್ಲ."

"ಹಾಗಾದ್ರೆ ಸರಿಯಾಗಿದೆ," ಎಂದ.

ಆಗ ಖಾಲಿ ಕುರ್ಚಿಯ ಕಡೆ ನೋಡಿದೆ. ಅದರ ಮುಂದಿನ ಲೋಟದಲ್ಲಿ ನೊರೆ ಬೆರಳಗಲ ನಿಂತಿತ್ತು. ನಾನು ಅಂಚಿನವರೆಗೆ ತುಂಬಿದ್ದ ಬೀರು ಒಂದು ಗುಟುಕಿನಷ್ಟು ಇಳಿದಿತ್ತು, ಗಾಜಿನ ಒಳಮೈಗೆ ನೊರೆಯ ಒಂದು ಬಳೆ ಅಂಟಿಕೊಂಡಿತ್ತು. ನೋಡುತ್ತಿರುವಾಗಲೇ ಅದರ ಕೆಳಗೆ ಇನ್ನೊಂದು ಬಳೆ ಮೂಡಿತು. ಅವಳಿಗೆ ಇನ್ನು ನಾನು ಹೇಳಬೇಕಾಗಿರಲಿಲ್ಲ. ಮೇಜಿನಾಚೆಯಿಂದ ಗೊಮ್ಮಾರನ ಕೈ ಎಳೆದು ನನ್ನ ಎರಡೂ ಕೈಯೊಳಗೆ ಇಟ್ಟುಕೊಂಡೆ. ಅದು ತಣ್ಣಗಿತ್ತು. ಮತ್ತೆ ಕಿತ್ತಳೆಯಿಂದಲೇ ಶುರುಮಾಡಿದೆ.